ಮುಲಾಮಿನಲ್ಲಿ ಔಷಧಿಯಲ್ಲದ್ದು

ಯಾವ ಮುಲಾಮಿನ ಟ್ಯೂಬು ಮನೆಗೆ ಬಂದರೂ ಅದನ್ನು ಹಚ್ಚುವ ಮೊದಲು ನಾನು ಓದುತ್ತೇನೆ. ಓದುವುದೆಂದರೆ ಮುಂಭಾಗದ ದಪ್ಪ ಅಕ್ಷರಗಳನ್ನಲ್ಲ, ಅವು ಕಂಪನಿಯವರ ಜಂಬಕ್ಕೆ ಇರುವಂಥವು. ನಾನು ಓದುವುದು ಟ್ಯೂಬಿನ ಹಿಂಭಾಗದಲ್ಲಿ, ಬಾಲ ಮಡಚಿರುವ ಕಡೆ, ಇರುವೆ ಸಾಲಿನ ಹಾಗೆ ಹೋಗಿರುವ ಅಕ್ಷರಗಳನ್ನು. ಕನ್ನಡಕವನ್ನು ಹಣೆಗೇರಿಸಿ, ಟ್ಯೂಬನ್ನು ಮೂಗಿನ ಹತ್ತಿರ ತಂದು, ಕಿಟಕಿಯ ಬೆಳಕಿಗೆ ಹಿಡಿದು ಓದಬೇಕು. ನಮ್ಮ ಯಜಮಾನರಿಗೆ ಇದೊಂದು ದೊಡ್ಡ ತಮಾಷೆ. ಮೊನ್ನೆ ಕಾಲು ಉಳುಕಿಸಿಕೊಂಡು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದವರು, ನಾನು ಓದಿ ಮುಗಿಸುವಷ್ಟರಲ್ಲಿ ನೋವೇ ಬೇಸತ್ತು ಹೊರಟುಹೋಗಿರುತ್ತದೆ ಎಂದರು. ಮದುವೆಯಾದಾಗಿನಿಂದ ಇದೇ ಮಾತನ್ನು ಹೇಳುತ್ತಿದ್ದಾರೆ, ಪ್ರತಿ ಸಲವೂ ಅದೇ ಮೊದಲು ಹೊಳೆದದ್ದು ಎನ್ನುವ ಹಾಗೆ ನಗುತ್ತಾರೆ.

ನಗಲಿ ಬಿಡಿ. ಆ ಸಣ್ಣ ಅಕ್ಷರಗಳನ್ನು ಕಂಡರೆ ನನಗೆ ಒಂದು ಥರಾ ಕರುಳು. ಒಂದು ಟ್ಯೂಬು ಮುಲಾಮಿನಲ್ಲಿ ನಿಜವಾದ ಔಷಧಿ ಎಷ್ಟಿರುತ್ತದೆ, ಹೇಳಿ ನೋಡೋಣ. ನೂರು ಪಾಲಿನಲ್ಲಿ ಒಂದು ಪಾಲು, ಎರಡು ಪಾಲು, ತೀರಾ ಹೆಚ್ಚೆಂದರೆ ಐದೋ ಹತ್ತೋ. ಮಿಕ್ಕಿದ್ದೆಲ್ಲ ಮೇಣ, ಜಿಡ್ಡು, ಎಣ್ಣೆ, ನೀರು, ಕೆಡದಿರಲೆಂದು ಹಾಕುವ ಚಿಟಿಕೆ ಪುಡಿ. ಔಷಧಿಯನ್ನು ಹೊತ್ತುಕೊಂಡು ಹೋಗಿ ಚರ್ಮಕ್ಕೆ ಮುಟ್ಟಿಸುವುದು, ಮುಟ್ಟಿಸಿದ್ದು ಜಾರಿಹೋಗದ ಹಾಗೆ ಹಿಡಿದುಕೊಳ್ಳುವುದು ಅವುಗಳ ಕೆಲಸ. ಪುಸ್ತಕಗಳಲ್ಲಿ ಒಂದೊಂದಕ್ಕೂ ಒಂದೊಂದು ಘನವಾದ ಹೆಸರಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಆ ಹೆಸರುಗಳನ್ನು ಮಕ್ಕಳಿಗೆ ಉರು ಹೊಡೆಸಿದವಳು ನಾನು. ಆದರೆ ನಮ್ಮ ಮನೆಯಲ್ಲಿ ಅವಕ್ಕೆಲ್ಲ ಸೇರಿ ಒಂದೇ ಹೆಸರಿತ್ತು. ಬೇಸು.

ನಮ್ಮಪ್ಪ ಜಯನಗರದ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಂಪೌಂಡರು. ಎಪ್ಪತ್ತರ ದಶಕದಲ್ಲಿ ಕಾಂಪೌಂಡರೆಂದರೆ ಚೀಟಿ ನೋಡಿ ಸ್ಟ್ರಿಪ್ಪು ಕತ್ತರಿಸಿ ಕೊಡುವವರಲ್ಲ. ಡಾಕ್ಟರು ಬರೆದದ್ದನ್ನು ಪರದೆಯ ಹಿಂದೆ ನಿಂತು ತೂಗಿ, ಅರೆದು, ಕಲಸಿ, ಸೀಸೆಗೆ ಕಾಗದದ ಗುರುತು ಅಂಟಿಸಿ ಕೊಡಬೇಕು. ಕೆಮ್ಮಿನ ಕೆಂಪು ನೀರು, ಹೊಟ್ಟೆಯ ಬಿಳಿ ನೀರು ಇತ್ಯಾದಿಗಳನ್ನು ಅಪ್ಪ ಕಣ್ಣುಮುಚ್ಚಿ ಮಾಡುತ್ತಿದ್ದರು, ಅದರಲ್ಲಿ ಅವರಿಗೆ ಅಂಥ ಹೆಮ್ಮೆಯೇನೂ ಇರಲಿಲ್ಲ. ಹೆಮ್ಮೆಯೆಲ್ಲ ಮುಲಾಮಿನ ಮೇಲೆ. ಬನಶಂಕರಿಯಿಂದ, ಕತ್ರಿಗುಪ್ಪೆಯಿಂದ, ಅತ್ತ ಕೋಣನಕುಂಟೆಯಿಂದಲೂ ಜನ ಕಜ್ಜಿ, ಹುಳುಕಡ್ಡಿ, ಒಡೆದ ಹಿಮ್ಮಡಿ ಹಿಡಿದುಕೊಂಡು ಬರುತ್ತಿದ್ದರು. ಡಾಕ್ಟರ ಹೆಸರು ಹೇಳಿಕೊಂಡು ಬಂದು, ಹೋಗುವಾಗ ಪರದೆಯ ಕಡೆ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರಂತೆ. ಈ ನಮಸ್ಕಾರದ ವಿಷಯವನ್ನು ನಮಗೆ ಹೇಳಿದವರೂ ಅಪ್ಪನೇ.

ಬೇಸು ಮಾಡುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ನಮ್ಮ ಬನಶಂಕರಿಯ ಬಾಡಿಗೆ ಮನೆಯ ಹಿತ್ತಲಲ್ಲಿ. ಕ್ಲಿನಿಕ್ಕಿನ ಪರದೆಯ ಹಿಂದೆ ಒಬ್ಬರು ನಿಂತರೆ ಇನ್ನೊಬ್ಬರು ಉಸಿರಾಡುವುದಕ್ಕೆ ಜಾಗವಿರಲಿಲ್ಲ, ಒಲೆ ಹಚ್ಚುವುದಂತೂ ದೂರದ ಮಾತು. ಒಂದು ಅಗಲ ಪಾತ್ರೆಯಲ್ಲಿ ಕುದಿಯುವ ನೀರು, ಅದರೊಳಗೆ ಪಿಂಗಾಣಿ ಬಟ್ಟಲು. ಬಟ್ಟಲಿಗೆ ಮೊದಲು ಜೇನುಮೇಣ, ಅದು ಕರಗಿದ ಮೇಲೆ ಊಲ್ ಫ್ಯಾಟು, ಕೊನೆಗೆ ಬಿಳಿಯ ಮೆದು ಪ್ಯಾರಾಫಿನ್ನು. ಗಟ್ಟಿಯದು ಮೊದಲು ಕರಗಬೇಕು, ಮೆದುವಾದದ್ದು ಆಮೇಲೆ. ಈ ಕ್ರಮ ತಪ್ಪಿದರೆ ಮೆದುವಾದದ್ದು ಸುಮ್ಮನೆ ಕಾಯುತ್ತ ಸೊರಗುತ್ತದೆ ಎನ್ನುತ್ತಿದ್ದರು. ಕೆಳಗಿಳಿಸಿದ ಮೇಲೆ ನಿಜವಾದ ಕೆಲಸ ಶುರು. ಪೂರ್ತಿ ತಣ್ಣಗಾಗುವ ತನಕ ಒಂದೇ ಸಮನೆ ತಿರುವುತ್ತಿರಬೇಕು. ನಡುವೆ ಕೈ ಬಿಟ್ಟರೆ ಮೇಣ ಬೇರೆಯಾಗಿ ಹರಳು ಹರಳಾಗುತ್ತದೆ. ಅಪ್ಪ ತಿರುವುತ್ತಿರುವಾಗ ಬಾಗಿಲಿಗೆ ಬಾಡಿಗೆ ಕೇಳಲು ಮನೆ ಮಾಲೀಕರೇ ಬಂದು ಕೂಗಿದರೂ ಏಳುತ್ತಿರಲಿಲ್ಲ.

ಅಪ್ಪನ ಸಿದ್ಧಾಂತ ಒಂದೇ. ಔಷಧಿ ಕೈ ಕೊಡಬಹುದು, ಬೇಸು ಕೈ ಕೊಡುವುದಿಲ್ಲ. ಯಾರಿಗಾದರೂ ಮುಲಾಮು ಒಗ್ಗದೆ ಉರಿ ಬಂತೆಂದರೆ ಅಪ್ಪ ಗಂಧಕವನ್ನು ಅನುಮಾನಿಸುತ್ತಿದ್ದರು, ಡಾಂಬರಿನ ಎಣ್ಣೆಯನ್ನು ಅನುಮಾನಿಸುತ್ತಿದ್ದರು, ಡಾಕ್ಟರನ್ನೂ ಸ್ವಲ್ಪ ಅನುಮಾನಿಸುತ್ತಿದ್ದರು. ಬೇಸಿನ ಮೇಲೆ ಮಾತ್ರ ಒಂದು ಮಾತು ಬರಕೂಡದು. ಪ್ರತಿ ಸಲ ಮಾಡಿದ ಮೇಲೆ ತಮ್ಮ ಮುಂಗೈಗೆ ಹಚ್ಚಿಕೊಂಡು, ಅರ್ಧ ಗಂಟೆ ಬಿಸಿಲಿನಲ್ಲಿ ಕೂತು ನೋಡಿಕೊಂಡೇ ಡಬ್ಬಿಗೆ ತುಂಬುತ್ತಿದ್ದರು. ಅವರ ಮುಂಗೈ ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು.

ಊಲ್ ಫ್ಯಾಟಿನದು ಮನೆಯಲ್ಲಿ ಬೇರೆಯದೇ ಒಂದು ಕಥೆ. ಅದು ಹಳದಿಗೆ ತಿರುಗಿದ, ಹಲಗೆಗೆ ಅಂಟಿಕೊಂಡರೆ ಬಿಡದ, ಮಳೆಯಲ್ಲಿ ನೆನೆದ ಕಂಬಳಿಯ ವಾಸನೆಯ ಪದಾರ್ಥ. ನಮ್ಮಜ್ಜಿ ಆಗಿನ್ನೂ ಇದ್ದಳು, ಮಡಿಯ ವಿಷಯದಲ್ಲಿ ಬಹಳ ಬಿಗಿ. ಅದು ಕುರಿಯದ್ದು ಎಂದು ಯಾರೋ ಅವಳ ಕಿವಿಗೆ ಹಾಕಿಬಿಟ್ಟರು. ಆ ಭಾನುವಾರ ಅಜ್ಜಿ ಊಟ ಬಿಟ್ಟು ಕೂತಳು. ಅಪ್ಪ ಅವಳನ್ನು ಕೈಹಿಡಿದು ಬೀದಿಯ ಕೊನೆಗೆ ಕರೆದುಕೊಂಡು ಹೋದರು. ಆಗ ನಮ್ಮ ಬೀದಿ ಮುಗಿದರೆ ರಾಗಿ ಹೊಲ, ಹೊಲದಾಚೆ ಸುಬ್ರಹ್ಮಣ್ಯಪುರದ ಕಡೆಯ ಕುರಿಗಳು ಮೇಯುತ್ತಿದ್ದವು. ಕುರಿಯನ್ನು ಕೊಲ್ಲುವುದಿಲ್ಲವೆಂದೂ, ಉಣ್ಣೆ ಕತ್ತರಿಸಿ ತೊಳೆದಾಗ ಆ ತೊಳೆದ ನೀರಿನಿಂದ ಈ ಜಿಡ್ಡು ತೆಗೆಯುತ್ತಾರೆಂದೂ, ಅಷ್ಟರಲ್ಲಿ ಕುರಿ ಇನ್ನೆಲ್ಲೋ ಸುಖವಾಗಿ ಮೇಯುತ್ತಿರುತ್ತದೆಂದೂ ಕುರಿಗಳನ್ನು ತೋರಿಸಿಯೇ ವಿವರಿಸಿದರು. ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ಊಟ ಮಾಡಿದಳು. ಮಾರನೆಯ ವಾರದಿಂದ ಅವಳ ಹಿಮ್ಮಡಿಗೂ ಅದೇ ಬೇಸು.

ಹಾಗೆ ನೋಡಿದರೆ ಮನೆಯಲ್ಲಿ ಅದು ಯಾವುದಕ್ಕಿರಲಿಲ್ಲ? ಡಿಸೆಂಬರಿನ ಮಂಜಿಗೆ ಒಡೆದ ತುಟಿಗೆ ಬೇಸು. ಬಿಗಿಯಾದ ಬಳೆ ತೆಗೆಯಲು ಬೇಸು. ಕಿರುಗುಟ್ಟುವ ಗೇಟಿಗೆ, ಸೈಕಲ್ಲಿನ ಸೀಟಿಗೆ, ಶಾಲೆಯ ಬೂಟಿಗೆ ಬೇಸು. ಒಂದು ಸಲ ನನ್ನ ಜಡೆ ಮಿಂಚಲಿ ಎಂದು ತಲೆಗೂ ಬಳಿದುಕೊಂಡು ಹೋಗಿದ್ದೆ. ಮೂರು ದಿನ ಸೀಗೆಪುಡಿ ಹಾಕಿ ಉಜ್ಜಿದರೂ ಬಿಡಲಿಲ್ಲ, ಕ್ಲಾಸಿನಲ್ಲಿ ನನ್ನ ಹಿಂದಿನ ಬೆಂಚಿನವರು ಮೂಗು ಹಿಡಿದುಕೊಂಡು ಕೂತರು. ಈ ಬುದ್ಧಿವಂತಿಕೆ ನನ್ನಲ್ಲಿ ಆಗಿನಿಂದಲೇ ಇತ್ತು ಎನ್ನುವುದಕ್ಕೆ ಇದನ್ನು ಹೇಳಿದೆ. ಮುಂದೆ ಹೇಳಬೇಕಾದ್ದು ಇದಕ್ಕಿಂತ ಕಷ್ಟದ್ದು.

ಅಮ್ಮ ಹೊಲಿಯುತ್ತಿದ್ದಳು. ರವಿಕೆಗಳನ್ನು. ಬೀದಿಯ ಕಡೆಯ ಕಿಟಕಿಗೆ ತಾಗಿಸಿ ಹಾಕಿದ ಮಿಷನ್ನಿನ ಮುಂದೆ ಅವಳು ಕೂತರೆ ನಾಲ್ಕು ಬೀದಿಯ ಹೆಂಗಸರ ಅಳತೆ ಅವಳ ತಲೆಯಲ್ಲಿತ್ತು. ರೇಷ್ಮೆ ರವಿಕೆಯ ಕೊಕ್ಕೆ, ಕಾಜ, ಕತ್ತಿನ ಹೆಮ್ಮಿಂಗು ಎಲ್ಲವನ್ನೂ ಕೈಯಲ್ಲೇ ಹಾಕುತ್ತಿದ್ದಳು. ಮದುವೆ ಕಾಲದಲ್ಲಿ ಜಯನಗರದಿಂದಲೂ ರವಿಕೆ ಕಣ ತಂದು ಕೊಡುತ್ತಿದ್ದರು. ಅಪ್ಪನ ಸಂಬಳ ಏನೂ ದೊಡ್ಡದಲ್ಲ, ಆದರೆ ಅಮ್ಮ ಹೊಲಿಯುತ್ತಿದ್ದದ್ದು ಬರೀ ಅದಕ್ಕಲ್ಲ. ಮಿಷನ್ನಿನ ಮುಂದೆ ಕೂತಾಗ ಅವಳ ಮುಖವೇ ಬೇರೆ. ಆ ಹೊತ್ತಿನಲ್ಲಿ ಅವಳನ್ನು ಕರೆಯುವುದಕ್ಕೆ ಅಪ್ಪನೂ ಹಿಂಜರಿಯುತ್ತಿದ್ದರು.

ನಾನು ಪಿಯುಸಿ ಓದುತ್ತಿದ್ದ ವರ್ಷದ ಚಳಿಗಾಲದಲ್ಲಿ ಅಮ್ಮನ ಬೆರಳುಗಳ ಸಂದಿ ಒಡೆಯಿತು. ಎಲ್ಲರ ಮನೆಯಲ್ಲೂ ಎಲ್ಲರಿಗೂ ಆಗುವಂಥದ್ದೇ. ಪಾತ್ರೆ ಉಜ್ಜುವ ಪುಡಿ, ತಣ್ಣೀರು, ಬಟ್ಟೆ ಸೋಪು. ಅಪ್ಪ ಆವತ್ತೇ ಒಂದು ಪುಟ್ಟ ಡಬ್ಬಿಯಲ್ಲಿ ಸತುವಿನ ಮುಲಾಮು ಮಾಡಿ ತಂದರು. ತಾವೇ ಹಚ್ಚಿದರು.

ಅದು ಹೇಗೆ ಅಭ್ಯಾಸವಾಯಿತೋ ಗೊತ್ತಿಲ್ಲ. ಕ್ಲಿನಿಕ್ಕಿಗೆ ಮಧ್ಯಾಹ್ನ ಒಂದರಿಂದ ನಾಲ್ಕೂವರೆಯ ತನಕ ಬಿಡುವು. ಅಪ್ಪ ಸೈಕಲ್ಲಿನಲ್ಲಿ ಮನೆಗೆ ಬಂದು ಊಟ ಮಾಡಿ, ಮೊದಲಾದರೆ ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿಬಿಡುತ್ತಿದ್ದವರು, ಈಗ ಊಟವಾದ ಮೇಲೆ ಕೈತೊಳೆದು ಡಬ್ಬಿ ಹಿಡಿದುಕೊಂಡು ಮಿಷನ್ನಿನ ಪಕ್ಕದ ಮಣೆಯ ಮೇಲೆ ಕೂರುತ್ತಿದ್ದರು. ಅಮ್ಮ ಎಡಗೈ ಕೊಡುತ್ತಿದ್ದಳು, ಆಮೇಲೆ ಬಲಗೈ. ಒಂದೊಂದು ಬೆರಳಿಗೂ ಬುಡದಿಂದ ತುದಿಯ ತನಕ, ಉಗುರಿನ ಸುತ್ತ, ಸಂದಿಯಲ್ಲಿ, ಅಪ್ಪ ತಮ್ಮ ಕೆಲಸದ ಶಿಸ್ತಿನಿಂದಲೇ ಹಚ್ಚುತ್ತಿದ್ದರು. ಅಷ್ಟು ಹೊತ್ತೂ ಏನೇನೋ ಮಾತು. ಕ್ಲಿನಿಕ್ಕಿಗೆ ಬಂದವರ ಸುದ್ದಿ, ಸೈಕಲ್ಲಿನ ಟೈರು, ನನ್ನ ಸೋದರತ್ತೆಯ ಕಾಗದ. ನಮ್ಮಪ್ಪ ಮಾತಿನ ಮನುಷ್ಯರಲ್ಲ, ಕೂತು ಮಾತಾಡುವವರಂತೂ ಅಲ್ಲವೇ ಅಲ್ಲ. ಹೆಂಡತಿಯ ಕೈಯನ್ನು ಹಗಲು ಹೊತ್ತಿನಲ್ಲಿ, ಬೀದಿಯ ಕಿಟಕಿಯ ಪಕ್ಕ, ಬೆಳೆದ ಮಗಳ ಎದುರು ಹಿಡಿದು ಕೂರುವುದಕ್ಕೆ ಆ ಕಾಲದ ಗಂಡಸಿಗೆ ಔಷಧಿಯೊಂದೇ ನೆಪವಾಗಬಲ್ಲುದು.

ಆದರೆ ಕೈ ವಾಸಿಯಾಗಲಿಲ್ಲ. ಬೇಸಿಗೆಕಾಲ ಬಂದರೂ ಬಿರುಕು ಕೂಡಲಿಲ್ಲ. ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ ಹರಡಿತು. ಕೆಂಪಗಾಗಿ, ಸಣ್ಣ ನೀರುಗುಳ್ಳೆ ಎದ್ದು, ಒಡೆದು, ಹೊಟ್ಟು ಏಳುತ್ತಿತ್ತು. ಅಪ್ಪ ಸತುವು ಬಿಟ್ಟು ಗಂಧಕ ಹಾಕಿದರು. ಗಂಧಕ ಬಿಟ್ಟು ಡಾಂಬರಿನ ಎಣ್ಣೆ ಹಾಕಿದರು. ಡಾಕ್ಟರು ಆಗ ಹೊಸದಾಗಿ ಬಂದಿದ್ದ ಯಾವುದೋ ದುಬಾರಿ ಪುಡಿಯನ್ನು ಬರೆದುಕೊಟ್ಟರು, ಅದನ್ನೂ ಅರೆದು ಹಾಕಿದರು. ಅದರಿಂದ ಹದಿನೈದು ದಿನ ಕಡಿಮೆಯಾದ ಹಾಗೆ ಕಂಡು, ಮತ್ತೆ ದುಪ್ಪಟ್ಟಾಯಿತು. ಪ್ರತಿ ಸಲವೂ ಅಪ್ಪ ಬದಲಿಸಿದ್ದು ಔಷಧಿಯನ್ನು. ಚರ್ಮ ಒಣಗುತ್ತಿದೆ, ಜಿಡ್ಡು ಸಾಲದು ಎಂದು ಮಾತ್ರ ಒಂದೊಂದು ಸಲಕ್ಕೂ ಊಲ್ ಫ್ಯಾಟನ್ನು ಸ್ವಲ್ಪ ಹೆಚ್ಚು ಹಾಕುತ್ತಾ ಹೋದರು. ಚರ್ಮವನ್ನು ಮೆದು ಮಾಡುವುದರಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ ಎನ್ನುವುದು ಅವರ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಹೀಗೇ ಎರಡು ವರ್ಷ ಕಳೆಯಿತು. ಅಮ್ಮ ಬೆರಳಿಗೆ ಹಳೆಯ ಪಂಚೆಯ ಪಟ್ಟಿ ಸುತ್ತಿಕೊಂಡು ಹೊಲಿಯತೊಡಗಿದಳು. ರೇಷ್ಮೆಯ ಎಳೆ ಬಿರುಕಿಗೆ ಸಿಕ್ಕಿಕೊಂಡು ಕಿತ್ತು ಬರುತ್ತಿತ್ತು. ಒಂದು ಬಿಳಿ ರೇಷ್ಮೆ ಕಣದ ಮೇಲೆ ಜಿಡ್ಡಿನ ಬೆರಳಚ್ಚು ಕೂತು, ಎಷ್ಟು ತೊಳೆದರೂ ಹೋಗದೆ, ಅದನ್ನು ಕೊಟ್ಟವರ ಮನೆಗೆ ಅಮ್ಮ ತಾನೇ ಹೋಗಿ ತಪ್ಪೊಪ್ಪಿಕೊಂಡು ಬಂದಳು. ಆಮೇಲೆ ಒಬ್ಬೊಬ್ಬರೇ ಕಡಿಮೆಯಾದರು. ಯಾರೂ ಮುಖದ ಮೇಲೆ ಏನೂ ಹೇಳಲಿಲ್ಲ. ಪಕ್ಕದ ಬೀದಿಯ ಮೇಷ್ಟ್ರ ಹೆಂಡತಿ ಒಂದು ದಿನ ಬಂದು, ಮಗಳ ಮದುವೆಗೆಂದು ಕೊಟ್ಟಿದ್ದ ಆರು ಕಣಗಳನ್ನು, ನಿಮಗೆ ಯಾಕೆ ಸುಮ್ಮನೆ ತೊಂದರೆ ಎಂದು ವಾಪಸು ತೆಗೆದುಕೊಂಡರು. ತೆಗೆದುಕೊಳ್ಳುವಾಗ ಅಮ್ಮನ ಕೈಯಿಂದ ತೆಗೆದುಕೊಳ್ಳಲಿಲ್ಲ, ಮೇಜಿನ ಮೇಲೆ ಇಡಿ ಅಂದರು. ಅವರು ಹೋದ ಮೇಲೆ ಅಮ್ಮ ಮಿಷನ್ನಿನ ಮುಚ್ಚಳ ಹಾಕಿ ಒಳಗೆ ಹೋದಳು. ಆವತ್ತು ಅವಳು ಅತ್ತಿದ್ದನ್ನು ನಾನು ಕೇಳಿಸಿಕೊಂಡೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಅಷ್ಟರಲ್ಲಿ ನಾನು ಫಾರ್ಮಸಿ ಕಾಲೇಜು ಸೇರಿದ್ದೆ. ಅಪ್ಪನ ಕಸುಬನ್ನು ಪುಸ್ತಕದಿಂದ ಕಲಿಯುವುದಕ್ಕೆ ಹೊರಟ ಮಗಳು. ಅಪ್ಪನಿಗೆ ಇದರಿಂದ ಎಷ್ಟು ಸಂತೋಷವಾಗಿತ್ತೆಂದರೆ ನಾನು ಲ್ಯಾಬಿಗೆ ಹಾಕಿಕೊಳ್ಳುವ ಬಿಳಿ ಕೋಟನ್ನು ತಾವೇ ಇಸ್ತ್ರಿ ಮಾಡುತ್ತಿದ್ದರು. ನನಗೋ, ಎರಡೇ ತಿಂಗಳಿಗೆ ವಿದ್ಯೆ ನೆತ್ತಿಗೇರಿತು. ಅಪ್ಪ ಬೇಸು ಅಂದರೆ ನಾನು ಮೂರು ಮೊಳದ ಹೆಸರು ಹೇಳುತ್ತಿದ್ದೆ. ಅವರು ತಿರುವುತ್ತ ಕೂತಿದ್ದರೆ ಪಕ್ಕದಲ್ಲಿ ನಿಂತು, ಇದನ್ನೆಲ್ಲ ಈಗ ಮಿಷನ್ನಿನಲ್ಲಿ ಮಾಡುತ್ತಾರೆ ಎಂದು ತಿಳಿವಳಿಕೆ ಕೊಡುತ್ತಿದ್ದೆ. ಅಪ್ಪ ಹೂಂ ಎಂದು ತಿರುವುತ್ತಲೇ ಇರುತ್ತಿದ್ದರು.

ಎರಡನೆಯ ವರ್ಷದಲ್ಲಿ ನಮಗೆ ಮುಲಾಮಿನ ಬೇಸುಗಳ ಪಾಠ ಆಯಿತು. ಒಂದೊಂದರ ಗುಣ, ಒಂದೊಂದರ ದೋಷ. ಊಲ್ ಫ್ಯಾಟಿನ ಸರದಿ ಬಂದಾಗ ಮೇಷ್ಟರು ಹೇಳಿದ್ದನ್ನು ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡೆ. ನೀರನ್ನು ಹೀರಿಕೊಳ್ಳುತ್ತದೆ. ಚರ್ಮಕ್ಕೆ ಚೆನ್ನಾಗಿ ಹತ್ತುತ್ತದೆ. ವಾಸನೆ ಅಷ್ಟು ಹಿತವಲ್ಲ. ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಅಂಥವರಿಗೆ ಹಚ್ಚಿದರೆ ಕೆರೆತ, ಗುಳ್ಳೆ, ಬಿರುಕು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಬರೆದೆ. ಪೂರ್ತಿ ಅಂಕ ಬಂತು. ಆ ಉತ್ತರ ಬರೆದು ಬಸ್ಸಿನಲ್ಲಿ ಮನೆಗೆ ಬಂದ ಮಧ್ಯಾಹ್ನ ಅಪ್ಪ ಮಣೆಯ ಮೇಲೆ ಕೂತಿದ್ದರು, ಡಬ್ಬಿ ಒಳಗಿತ್ತು. ಅಪ್ಪ ತರಲು ಹೇಳಿದರು. ಪರೀಕ್ಷೆ ಚೆನ್ನಾಗಾಯಿತು ಎಂದು ಹೇಳುತ್ತಲೇ ನಾನೇ ಆ ಡಬ್ಬಿಯನ್ನು ತಂದು ಕೊಟ್ಟೆ.

ಪುಸ್ತಕದಲ್ಲಿದ್ದ 'ಕೆಲವರು' ಎಲ್ಲೋ ದೂರದಲ್ಲಿ, ಬಹುಶಃ ವಿಲಾಯಿತಿಯಲ್ಲಿ, ಇರುವವರೆಂದು ನಾನು ತಿಳಿದಿದ್ದೆನೇ? ಅಷ್ಟೂ ಯೋಚಿಸಿರಲಿಲ್ಲ. ಅದು ಅಂಕದ ಮಾತು, ಇದು ಅಮ್ಮನ ಕೈ. ಎರಡೂ ನನ್ನ ತಲೆಯಲ್ಲಿ ಒಂದನ್ನೊಂದು ಮುಟ್ಟಲೇ ಇಲ್ಲ. ಮುಂದೆ ನಾನು ಪಾಠ ಹೇಳುವಾಗ ಮಕ್ಕಳು ಉರು ಹೊಡೆದು ಒಪ್ಪಿಸಿದರೆ ನನಗೆ ಕೆಟ್ಟ ಕೋಪ ಬರುತ್ತಿತ್ತು. ಮೇಡಂ ಯಾಕೆ ಹೀಗೆ ಕಿರುಚುತ್ತಾರೆಂದು ಪಾಪ ಅವಕ್ಕೆ ಗೊತ್ತಾಗುತ್ತಿರಲಿಲ್ಲ.

ಇನ್ನೂ ಒಂದು ವರ್ಷ ಹಾಗೇ ಹೋಯಿತು. ಕೊನೆಗೆ ಅಪ್ಪ ಸೋತು, ಔಷಧಿ ಹಾಕಿ ಹಾಕಿ ಚರ್ಮ ದಣಿದಿದೆ, ಇನ್ನು ಔಷಧಿಯೇ ಬೇಡ, ಬರೀ ಬೇಸು ಹಚ್ಚೋಣ ಅಂದರು. ಆ ಭಾನುವಾರ ಊಲ್ ಫ್ಯಾಟನ್ನು ಎಂದಿಗಿಂತ ಹೆಚ್ಚು ಹಾಕಿ, ಎಂದಿಗಿಂತ ಹೆಚ್ಚು ಹೊತ್ತು ತಿರುವಿ, ಅಮ್ಮನಿಗೆಂದೇ ಬೇರೆ ಡಬ್ಬಿ ಮಾಡಿದರು. ಎಂಟು ದಿನಕ್ಕೆ ಅಮ್ಮನ ಕೈಯಿಂದ ರಕ್ತ ಒಸರಿತು. ಅವಳು ಅನ್ನ ಕಲಸಲಾರದೆ ಚಮಚದಲ್ಲಿ ತಿನ್ನುತ್ತಿದ್ದಳು. ಔಷಧಿಯೇ ಇಲ್ಲದ ಮುಲಾಮು ಹೀಗೆ ಮಾಡಬೇಕಾದರೆ ಯಾವುದು ಮಾಡುತ್ತಿದೆ ಎಂದು ನಾನು ಕೇಳಿಕೊಂಡದ್ದು ಆಗ. ಉತ್ತರ ನನ್ನ ನೋಟ್ ಬುಕ್ಕಿನಲ್ಲಿ ಇತ್ತು. ಅದನ್ನು ತೆಗೆದು ಆ ಸಾಲನ್ನು ಮತ್ತೆ ಓದಿದೆ.

ಕಾಲೇಜಿನ ಮೇಷ್ಟರನ್ನು ಕೇಳಿದೆ. ಬೆನ್ನಿನ ಮೇಲೆ ಒಂದೊಂದನ್ನೂ ಬೇರೆ ಬೇರೆಯಾಗಿ ಹಚ್ಚಿ ಎರಡು ದಿನ ಬಿಟ್ಟು ನೋಡು ಅಂದರು. ಅಮ್ಮನಿಗೆ ಹೇಳಿ, ಅವಳ ಬೆನ್ನಿನ ಮೇಲೆ ಮೂರು ಚೌಕ ಪ್ಲಾಸ್ಟರು ಅಂಟಿಸಿದೆ. ಒಂದರಡಿ ಜೇನುಮೇಣ, ಒಂದರಡಿ ಪ್ಯಾರಾಫಿನ್ನು, ಒಂದರಡಿ ಊಲ್ ಫ್ಯಾಟು. ಆ ಎರಡು ದಿನ ಅಮ್ಮ ಕೈ ನೋವು ಹೆಚ್ಚೆಂದು ಹೇಳಿ ಮುಲಾಮು ಹಚ್ಚಿಸಿಕೊಳ್ಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತೆಗೆದೆ. ಎರಡು ಚೌಕಗಳು ಸ್ವಚ್ಛವಾಗಿದ್ದವು. ಮೂರನೆಯದು ಕೆಂಪಗೆ ಉಬ್ಬಿ, ಅದರ ತುಂಬ ಅಮ್ಮನ ಕೈಯಲ್ಲಿದ್ದಂಥದ್ದೇ ನೀರುಗುಳ್ಳೆಗಳು.

ಅಪ್ಪನಿಗೆ ಹೇಳುವುದೋ ಬೇಡವೋ ಎಂದು ನಾನು ಒದ್ದಾಡಿದೆ. ಸುಮ್ಮನೆ ಡಬ್ಬಿ ಬದಲಾಯಿಸಿಬಿಟ್ಟರೆ ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಅದೇ ಬೇಸು ಕ್ಲಿನಿಕ್ಕಿನಲ್ಲಿ ಇನ್ನೆಷ್ಟು ಜನರ ಕೈಗೆ ಹೋಗುತ್ತಿತ್ತು. ಅಲ್ಲದೆ ನಾನು ಆಗ ಇಪ್ಪತ್ತು ವರ್ಷದವಳು, ಸರಿಯುತ್ತರ ಕಂಡುಹಿಡಿದವಳು, ಹೇಳದೆ ಇರುವ ತಾಳ್ಮೆ ನನಗೆ ಇರಲಿಲ್ಲ. ಮಧ್ಯಾಹ್ನ ಅಪ್ಪ ಬಂದರು. ಊಟಕ್ಕೆ ಮೊದಲೇ ಹೇಳಿದೆ. ಅವರು ನಂಬಲಿಲ್ಲ, ನಂಬದೆಯೂ ಇರಲಿಲ್ಲ, ಕನ್ನಡಕ ಕೇಳಿದರು. ಅಮ್ಮ ಬೆನ್ನು ತಿರುಗಿಸಿ ಸೆರಗು ಸರಿಸಿದಳು. ಅಪ್ಪ ಬಗ್ಗಿ, ಮೂರನ್ನೂ ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಬೇರೆ ಏನೂ ಬೆರೆಸಿಲ್ವಾ?" ಎಂದು ಕೇಳಿದರು.

ಇಲ್ಲ ಎಂದೆ. ನಿಮ್ಮ ಊಲ್ ಫ್ಯಾಟಿನ ಡಬ್ಬಿಯಿಂದಲೇ ತೆಗೆದದ್ದು ಎಂದೆ.

"ಇದನ್ನೇ ನಾನು ಜಾಸ್ತಿ ಜಾಸ್ತಿ ಹಾಕ್ತಾ ಬಂದೆ," ಅಂದರು ಅಪ್ಪ.

ಊಟಕ್ಕೆ ಕೂತರು, ಎರಡು ತುತ್ತು ತಿಂದರು. ಎರಡು ಗಂಟೆಗೇ ಸೈಕಲ್ಲು ಹತ್ತಿ ಕ್ಲಿನಿಕ್ಕಿಗೆ ಹೊರಟುಹೋದರು. ಮುಚ್ಚಿದ ಬಾಗಿಲಿನ ಮುಂದೆ ನಾಲ್ಕೂವರೆಯ ತನಕ ಕೂತಿದ್ದರೆಂದು ಆಮೇಲೆ ತಿಳಿಯಿತು. ಡಾಕ್ಟರಿಗೆ ಎಲ್ಲವನ್ನೂ ತಾವೇ ಹೇಳಿದರಂತೆ. ಆವತ್ತಿನಿಂದ ಯಾರಿಗೆ ಮುಲಾಮು ಕೊಟ್ಟರೂ, ಮೊದಲು ಮೊಣಕೈ ಮಡಿಕೆಯಲ್ಲಿ ಒಂದು ಬೊಟ್ಟು ಹಚ್ಚಿ, ಎರಡು ದಿನ ನೋಡಿ, ಆಮೇಲೆ ಗಾಯಕ್ಕೆ ಹಚ್ಚಿ ಎಂದು ಹೇಳಿ ಕಳಿಸುತ್ತಿದ್ದರು. ಕೆಲಸ ಬಿಡುವ ತನಕ ಈ ಪದ್ಧತಿ ತಪ್ಪಿಸಲಿಲ್ಲ. ಹಾಗೆ ಬೊಟ್ಟು ಹಚ್ಚಿ ನೋಡಿದವರಲ್ಲಿ ಒಗ್ಗದೆ ಮರಳಿ ಬಂದವರೂ ಇದ್ದರು, ಅವರಿಗೆ ಅಪ್ಪ ಬೇರೆ ಮಾಡಿಕೊಡುತ್ತಿದ್ದರು.

ಅಮ್ಮ ಬರೀ ಪ್ಯಾರಾಫಿನ್ನನ್ನು ತಾನೇ ಹಚ್ಚಿಕೊಳ್ಳತೊಡಗಿದಳು. ಮೂರು ವಾರಕ್ಕೆ ಗುಳ್ಳೆ ಬತ್ತಿದವು, ಎರಡು ತಿಂಗಳಿಗೆ ಬಿರುಕು ಕೂಡಿತು, ಯುಗಾದಿಯ ಹೊತ್ತಿಗೆ ಹೊಸ ಚರ್ಮ. ಮಿಷನ್ನಿನ ಮುಚ್ಚಳ ತೆಗೆದಳು. ಹೆಂಗಸರು ಮತ್ತೆ ಬಂದರು. ಪಕ್ಕದ ಬೀದಿಯ ಮೇಷ್ಟ್ರ ಹೆಂಡತಿಯೂ ಎರಡನೆಯ ಮಗಳ ಮದುವೆಗೆ ಬಂದರು. ಅಮ್ಮ ಅವರ ಮನಸ್ಸಿಗೆ ನೋವಾಗುವಂಥ ಒಂದು ಮಾತನ್ನೂ ಆಡದೆ ಕಣ ತೆಗೆದುಕೊಂಡಳು, ಆದರೆ ಅವರ ಕೈಯಿಂದಲೇ ತೆಗೆದುಕೊಂಡಳು. ನನಗೋ, ಹೇಳುವುದು ಬೇಡ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಮ್ಮನ ಕೈಯನ್ನು ಉಳಿಸಿದ ಮಹಾ ವಿದ್ವಾಂಸೆ ನಾನು.

ಅಪ್ಪ ಮಾತ್ರ ಮಣೆಯ ಮೇಲೆ ಕೂರುವುದನ್ನು ಬಿಟ್ಟರು. ಊಟ ಮಾಡಿ, ಕೈತೊಳೆದು, ನಡುಮನೆಯಲ್ಲಿ ಪೇಪರು ಮುಖಕ್ಕೆ ಹಾಕಿಕೊಂಡು ಮಲಗುತ್ತಿದ್ದರು. ನಿದ್ದೆ ಮಾಡುತ್ತಿರಲಿಲ್ಲ, ಪೇಪರು ಅಲ್ಲಾಡುತ್ತಿತ್ತು. ಅಮ್ಮ ಲೋಟ ಕೊಟ್ಟರೆ ಬೆರಳು ತಾಗದ ಹಾಗೆ ತೆಗೆದುಕೊಳ್ಳುತ್ತಿದ್ದರು. ಅವಳ ಕೈಯನ್ನು ನೋಡುತ್ತಲೂ ಇರಲಿಲ್ಲ. ನಾನು ಇದನ್ನು ಗಮನಿಸುವುದಕ್ಕೇ ಎಷ್ಟೋ ದಿನ ಹಿಡಿಯಿತು, ಗಮನಿಸಿದ ಮೇಲೂ ಅದು ಸ್ವಲ್ಪ ದಿನದ ಬೇಜಾರು, ಸರಿಹೋಗುತ್ತದೆ ಎಂದುಕೊಂಡೆ.

ಒಂದು ಮಧ್ಯಾಹ್ನ ಅಮ್ಮ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನನ್ನ ಸಾಹಸವನ್ನು ಇನ್ನೊಮ್ಮೆ ವರ್ಣಿಸುತ್ತಿದ್ದೆ. ಅಷ್ಟು ವರ್ಷ ಮುಲಾಮು ಹಚ್ಚಿದಾಗಲೆಲ್ಲ ನಿನಗೆ ಉರಿ ಹೆಚ್ಚಾಗುತ್ತಿತ್ತಲ್ಲ, ನಿನಗೇ ಅನುಮಾನ ಬರಲಿಲ್ಲವೇ ಎಂದು ಕೇಳಿದೆ.

"ಬರ್ದೇ ಏನು. ಹಚ್ಚಿದ ಗಳಿಗೆಗೇ ಉರಿಯೋದು," ಅಂದಳು.

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

ಅವಳು ಗಂಟು ಹಾಕಿ, ದಾರ ಕಡಿದು, ಇನ್ನೊಂದು ಕೊಕ್ಕೆ ಎತ್ತಿಕೊಂಡಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ಹೇಳಿದ್ರೆ ಅವರು ಹಚ್ಚೋದು ಬಿಟ್ಬಿಡ್ತಿದ್ರು. ಈಗ ಬಿಟ್ಟಿದಾರಲ್ಲ, ಹಾಗೆ. ಕೈ ಚೆನ್ನಾಯ್ತು ಕಣೇ, ಇಲ್ಲ ಅನ್ನಲ್ಲ. ಆದ್ರೆ ಮಧ್ಯಾಹ್ನ ಕಳೆಯೋದೇ ಕಷ್ಟ ಆಗತ್ತೆ."

ನನಗೆ ನಾಚಿಕೆಯಾಯಿತು ಎಂದು ಈಗ ಬರೆಯಬಲ್ಲೆ. ಆಗ ಆದದ್ದು ಅದಕ್ಕೂ ಹೆಚ್ಚಿನದು. ರಕ್ತ ಬರುವ ತನಕ ಒಬ್ಬ ಹೆಂಗಸು ದಿನಕ್ಕೆ ಅರ್ಧ ಗಂಟೆಗಾಗಿ ಕೈ ಕೊಟ್ಟುಕೊಂಡು ಕೂತಿದ್ದಳು, ಅದೂ ಹೊಲಿಯುವ ಕೈಯನ್ನು. ಅದು ಸರಿಯೆಂದು ನಾನು ಇವತ್ತಿಗೂ ಹೇಳಲಾರೆ. ಈ ವಯಸ್ಸಿಗೆ ಬಂದ ಮೇಲೆ ತಪ್ಪೆಂದೂ ಹೇಳಲಾರೆ.

ಎರಡು ದಿನ ಯೋಚಿಸಿ, ಬಿಳಿ ಕೋಟು ಹಾಕಿಕೊಂಡೇ ಅಪ್ಪನ ಮುಂದೆ ನಿಂತು ಒಂದು ಸುಳ್ಳು ಹೇಳಿದೆ. ಅಮ್ಮನ ಕೈ ಮೇಲೆ ಮಾತ್ರ ವಾಸಿಯಾಗಿದೆ, ಒಳಗಿನ ಚರ್ಮ ಇನ್ನೂ ಒಣಗಿದೆ, ದಿನಕ್ಕೊಂದು ಸಲ ಪ್ಯಾರಾಫಿನ್ನು ಹಾಕಿ ನೀವಬೇಕು, ತಾನೇ ನೀವಿಕೊಂಡರೆ ಒತ್ತು ಸರಿಯಾಗಿ ಬೀಳುವುದಿಲ್ಲ, ಇನ್ನೊಬ್ಬರೇ ಮಾಡಬೇಕು, ನನಗೆ ಕಾಲೇಜಿದೆ. ಇಂಥ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಎಷ್ಟು ದಿನ ಎಂದು ಅಪ್ಪ ಕೇಳಿದರು. ಹೇಳುವುದಕ್ಕಾಗುವುದಿಲ್ಲ, ವರ್ಷಗಟ್ಟಲೆ ಬೇಕಾಗಬಹುದು ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ನನ್ನ ಸುಳ್ಳು ಅವರಿಗೆ ತಿಳಿಯಿತೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲು ಅಮ್ಮನ ಮೊಣಕೈ ಮಡಿಕೆಯಲ್ಲಿ ಒಂದು ಬೊಟ್ಟು ಪ್ಯಾರಾಫಿನ್ನು ಹಚ್ಚಿದರು. ತಿಂಗಳುಗಟ್ಟಲೆ ಅವಳು ಹಚ್ಚಿಕೊಳ್ಳುತ್ತಿದ್ದದ್ದೇ ಅದು, ಆದರೂ ಎರಡು ದಿನ ಕಾದು ನೋಡಿದರು. ಮೂರನೆಯ ದಿನ ಊಟವಾದ ಮೇಲೆ ಕೈತೊಳೆದು, ಹೆಗಲ ಮೇಲಿನ ವಲ್ಲಿಯಿಂದ ಒಂದೊಂದು ಬೆರಳನ್ನೂ ಒರೆಸಿಕೊಂಡು, ಬಂದು ಮಣೆಯ ಮೇಲೆ ಕೂತರು. ಅಮ್ಮ ಮಿಷನ್ನು ನಿಲ್ಲಿಸಿ ಎರಡು ಕೈಯನ್ನೂ ಒಟ್ಟಿಗೇ ಚಾಚಿದಳು. ಅಪ್ಪ ಆ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲಿ ನೋವು?" ಎಂದು ಕೇಳಿದರು.

"ಎಲ್ಲೂ ಇಲ್ಲ. ಹಚ್ಚಿ," ಅಂದಳು ಅಮ್ಮ.